ಒಂಬತ್ತು ಯಂತ್ರಗಳ ಚಂದಾ

ಒಂಬತ್ತು ಪೆಟ್ಟಿಗೆ ಬಂದಿಳಿದದ್ದು ಸೋಮವಾರ,
ಕುಂಬಳೆ ಪೇಟೆ ದಾಟಿ, ರೈಲುಗೇಟಿನಲ್ಲಿ ಅರ್ಧ ಗಂಟೆ ಕಾದು.
ಮೀನಿನ ಟೆಂಪೋದವನೇ ತಂದ. ಪೆಟ್ಟಿಗೆಯ ಮೇಲೆ
ಆಕಾಶಕ್ಕೆ ಮುಖ ಮಾಡಿದ ಬಾಣ,
ಮೂಲೆಯಲ್ಲಿ ಬಂಗುಡೆಯ ಒಂದು ಹುರುಪೆ.

ಲೆಕ್ಕದ ಕೋಣೆಯಿಂದ ಕುಂಞಂಬಣ್ಣ ಕೇಳಿದರು:
"ಯಂತ್ರ ಕೊಂಡಾಯಿತಲ್ಲ ಸುಗಂಧಿ, ಇನ್ನೇನು ದುಡ್ಡು?"
ಕೊಂಡದ್ದು ಕಬ್ಬಿಣ. ಬುದ್ಧಿಗೆ ವರ್ಷ ವರ್ಷ ಕೊಡಬೇಕು.
"ಬುದ್ಧಿ ಮಾರುತ್ತಾರೆಯೇ?"
ಮಾರುವುದಿಲ್ಲ. ಚಂದಾ.
ಅವರು ಕನ್ನಡಕ ತೆಗೆದು, ಒರೆಸಿ,
ಮಲೆಯಾಳದಲ್ಲಿ ನಕ್ಕರು.

ಎರ್ನಾಕುಳದ ಬಿನೀಷನ ದರಪಟ್ಟಿಯಲ್ಲಿ ಮೂರು ಬಗೆ:
ಯಾವ ಹೊತ್ತಿಗೂ ಫೋನೆತ್ತುವ ಬಗೆ,
ಕಚೇರಿ ಹೊತ್ತಿನಲ್ಲಿ ಮಾತ್ರ ಎತ್ತುವ ಬಗೆ,
ಎತ್ತದೇ ಇರುವ ಬಗೆ. ಇದು ಅಗ್ಗ.
ಸಾಕೆಟ್ಟಿಗೆ ಇಷ್ಟು, ಜೋಡಿಗೆ ಇಷ್ಟು,
ಯಂತ್ರದ ಹೊಟ್ಟೆಯಲ್ಲಿ ಹುಟ್ಟಿಸುವ ಸುಳ್ಳು ಯಂತ್ರಗಳಿಗೆ ಬೇರೆ ಇಷ್ಟು.
ಇಂಗ್ಲಿಷಿನಲ್ಲಿ ಓದಿ, ತುಳುವಿನಲ್ಲಿ ಬೈದು,
ಕನ್ನಡದಲ್ಲಿ ಕೂಡಿಸಿದೆ.
ಒಂಬತ್ತಕ್ಕೂ ಮೊದಲನೆಯದನ್ನೇ ತೆಗೆದರೆ
ಜನರೇಟರಿಗೆ ದುಡ್ಡಿಲ್ಲ.
ಒಂಬತ್ತಕ್ಕೂ ಪುಕ್ಕಟೆಯದನ್ನೇ ಹಾಕಿದರೆ
ಆಟಿಯ ನಡುರಾತ್ರಿ ಏನಾದರೂ ಆದಾಗ
ಕೇಳುವುದು ಯಾರನ್ನು?

ಚಂದಾ ಎಂಬಲ್ಲಿ ಕೊನೆಗೆ ದೀರ್ಘ ಕೊಟ್ಟವರು ಯಾರೋ,
ಅದೊಂದು ಇಲ್ಲದಿದ್ದರೆ ಎಷ್ಟು ಚಂದ.

"ಲೆಕ್ಕ ತಪ್ಪದಿದ್ದರೆ ಸಾಕು ನನಗೆ," ತಾಹಿರಾ ಟೀಚರ್ ಹೇಳಿದರು.
"ಶಿರಿಯದ ಅಳಿವೆ ಈ ಸಲ ಎಲ್ಲಿ ಬಾಯಿ ತೆರೆಯುತ್ತದೆ,
ಮಳೆಗೆ ಮೊದಲು ತಿಳಿಯಬೇಕು. ಉಳಿದದ್ದು ನಿನ್ನದು."

ಸಂಜೆ ಬಲೆ ಹೊಲಿಯುತ್ತಿದ್ದ ಅಪ್ಪನನ್ನು ಕೇಳಿದೆ,
ದೋಣಿಯಲ್ಲಿ ಎಷ್ಟು ಜನಕ್ಕೆ ಕಡಲು ಗೊತ್ತಿರಬೇಕು?
ಅಪ್ಪ ನೂಲು ಕಚ್ಚಿ ತುಂಡರಿಸಿದರು.
"ತಂಡೇಲನಿಗೆ. ಅವ ತಪ್ಪಿದರೆ ಎಲ್ಲರೂ ಹೋದ ಹಾಗೆ.
ಉಳಿದವರಿಗೆ ತೋಳಿದ್ದರಾಯಿತು.
ಆದರೆ ಅವನ ಕೂಗು ಎಲ್ಲರಿಗೂ ಒಂದೇ ಥರ ಕೇಳಬೇಕು."
ಸ್ವಲ್ಪ ಹೊತ್ತು ಬಿಟ್ಟು: "ಯಾಕೆ ಕೇಳಿದ್ದು?"
ಸುಮ್ಮನೆ.

ಮರುದಿನ ಹಾಳೆಯ ಮೇಲೆ ಗೆರೆ ಎಳೆದೆ.
ತಲೆಯಂತ್ರ ಒಂದು. ಹೊರಗಿನವರಿಗೆ ಬಾಗಿಲು ಅದೊಂದೇ.
ಹೆಸರು ಕೇಳಿ ಒಳಬಿಡುವುದು, ಕೆಲಸ ಹಂಚುವುದು, ಕಡತ ಕಾಯುವುದು.
ಅದಕ್ಕೆ ಪೂರ್ತಿ ಚಂದಾ, ನಡುರಾತ್ರಿಯ ಫೋನು ಸಹಿತ, ಮೂರು ವರ್ಷ.
ಉಳಿದ ಎಂಟು ಯಾರ ಕಣ್ಣಿಗೂ ಬೀಳದೆ
ಗೋಡೆಯಾಚೆ ಗುಣಿಸುತ್ತಿರುತ್ತವೆ.
ಅವಕ್ಕೆ ದುಡಿಯುವ ಯಂತ್ರಗಳ ಅಗ್ಗದ ಚಂದಾ,
ಆದರೆ ಅದೇ ಆವೃತ್ತಿ, ಅದೇ ತೇಪೆ, ಅದೇ ದಿನ.
ಒಂದು ಕೆಟ್ಟರೆ ಒರೆಸಿ ಮೊದಲಿನಿಂದ ಬರೆದರಾಯಿತು.

ಬಿನೀಷ್ ಫೋನು ಮಾಡಿದ: "ಎಂಟಕ್ಕೂ ಒಳ್ಳೆಯದೇ ಇರಲಿ ಚೇಚೀ,
ಶೇಕಡಾ ಇಪ್ಪತ್ತು ಬಿಡುತ್ತೇನೆ."
ನೀನು ಇಪ್ಪತ್ತು ಬಿಟ್ಟರೆ
ಎಂಬತ್ತು ಹಿಡಿದುಕೊಳ್ಳುವವಳು ನಾನಲ್ಲವೇ, ಅಂದೆ.

ಅರ್ಜಿಯಲ್ಲೊಂದು ಕಾಲಂ:
ಜವಾಬ್ದಾರರ ಹೆಸರು, ಹುದ್ದೆ, ಅವಧಿ.
ಹೆಸರು ಬರೆದೆ. ಹುದ್ದೆ, ತಾತ್ಕಾಲಿಕ.
ಅವಧಿಯ ಹತ್ತಿರ ಪೆನ್ನು ನಿಂತಿತು.
ನನ್ನ ಒಪ್ಪಂದ ಹನ್ನೊಂದು ತಿಂಗಳದ್ದು.
ಹನ್ನೆರಡನೆಯದು ಮಾರ್ಚ್, ಆಗ ನಾನು ಕಡತದಲ್ಲಿ ಇರುವುದಿಲ್ಲ.
ಏಪ್ರಿಲಿಗೆ ಮತ್ತೆ ಹುಟ್ಟುತ್ತೇನೆ,
ಹೀಗೆ ಏಳು ಸಲ ಹುಟ್ಟಿದ್ದೇನೆ.
ನನ್ನನ್ನು ತೆಗೆದುಕೊಂಡದ್ದು ಯಾವ ಬಗೆಯಲ್ಲೋ!
ಯಾವ ಹೊತ್ತಿಗೂ ಫೋನೆತ್ತುವ ಬಗೆಯೇ ಇರಬೇಕು,
ದರ ಮಾತ್ರ ಮೂರನೆಯ ಸಾಲಿನದು.

ರುಜು ಹಾಕುವಾಗ ಕುಂಞಂಬಣ್ಣ ಆ ಖಾಲಿ ಜಾಗ ನೋಡಿದರು.
ಏನೂ ಅನ್ನಲಿಲ್ಲ. 'ಮೂರು ವರ್ಷ' ಎಂದು ತಾವೇ ಬರೆದರು,
ಕನ್ನಡದಲ್ಲಿ, ಅವರಿಗೆ ಅರ್ಧ ಬರುವ ಕನ್ನಡದಲ್ಲಿ.
ಅರ್ಕಾವೊತ್ತು ದಾರಿ ತಪ್ಪಿತ್ತು.
"ಯಂತ್ರದ ಅವಧಿ ಅಂದುಕೊಂಡೆ," ಎಂದರು ಆಮೇಲೆ,
ಕಿಟಕಿಯ ಕಡೆ ತಿರುಗಿ.

ರಾತ್ರಿ ಒಂಬತ್ತೂ ಎದ್ದವು.
ತಲೆಯಂತ್ರ ಹೆಸರು ಕೂಗಿತು, ಎಂಟೂ ಓಗೊಟ್ಟವು.
ಪರದೆಯ ಮೇಲೆ ಅಳಿವೆಯ ಬಾಯಿ
ಒಂದು ಚುಕ್ಕಿಯಷ್ಟು ತೆಂಕಕ್ಕೆ ಸರಿಯಿತು.
ಏಳನೆಯದರ ಫ್ಯಾನು ಯಾಕೋ ಕೆಮ್ಮುತ್ತಿದೆ.
ನಾಳೆ ಬಿಚ್ಚಿ ನೋಡಬೇಕು.