ಏನೂ ಸಿಗಲಿಲ್ಲ

ಥಂಡರ್ ಬೇ ಊರಿನ ಶಾಲಾ ಮಂಡಳಿಯಲ್ಲಿ
ನನ್ನ ಮೇಜು ಹೀಟರಿನ ಪಕ್ಕ.
ಮಕ್ಕಳಿರುವ ಕಟ್ಟಡಕ್ಕೆ ಕಾಲಿಡುವವರು ಯಾರೇ ಆಗಲಿ,
ನಲ್ಲಿ ರಿಪೇರಿಯವನು, ಹಾಲಿನ ವ್ಯಾನಿನವನು,
ವರ್ಷಕ್ಕೊಂದು ಸಲ ಪಿಯಾನೊ ಶ್ರುತಿ ಮಾಡಲು ಬರುವ ಮುದುಕಿ,
ಮೊದಲು ನನ್ನನ್ನು ದಾಟಬೇಕು.
ಎರಡು ಗುರುತಿನ ಚೀಟಿ, ಐದು ವರ್ಷದ ವಿಳಾಸ, ಒಂದು ಸಹಿ.

ತೌನೊ ಕೆಸ್ಕಿತಾಲೊ ಬಂದದ್ದು ಚಿಮಣಿ ಕಟ್ಟಲು.
ವಯಸ್ಸು ಅರವತ್ತೊಂದು.
ಅವನು ಹುಟ್ಟಿದ ದಿನವೇ ಹುಟ್ಟಿದ ಇನ್ನಾರೋ ಒಬ್ಬ
ಎಲ್ಲೋ ಏನೋ ಮಾಡಿದ್ದನಂತೆ,
ಅದಕ್ಕೆ ಇವನ ಬೆರಳಚ್ಚು ಬೇಕೆಂದು ಮೇಲಿನಿಂದ ಬಂತು.

ಗಾಜಿನ ಮೇಲೆ ಬೆರಳಿಟ್ಟ. ಯಂತ್ರ ಒಲ್ಲೆ ಅಂತು.
ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟ. ಒಲ್ಲೆ.
ನಲವತ್ತು ವರ್ಷ ಸುಣ್ಣ ತಿಂದುಹಾಕಿದ ಕೈ:
ಶಂಖವಿಲ್ಲ, ಚಕ್ರವಿಲ್ಲ,
ಹತ್ತೂ ಬೆರಳು ಹೊಳೆಗಲ್ಲಿನಷ್ಟು ನುಣುಪು.
"ಲೋಷನ್ ಹಚ್ಚಿಕೊಂಡು ನಾಳೆ ಬನ್ನಿ" ಅಂದೆ.
"ನನ್ನ ಹೆಂಡತಿಯೂ ಅದನ್ನೇ ಹೇಳುತ್ತಿದ್ದಳು" ಅಂದ.
ಕೊನೆಗೆ ಶಾಯಿಯಲ್ಲೇ ಆಯಿತು, ಅಷ್ಟಿಷ್ಟು.

ಅರ್ಜಿಯ ಏಳನೇ ಪ್ರಶ್ನೆ:
ಎಂದಾದರೂ ಶಿಕ್ಷೆಯಾಗಿದೆಯೇ? ಹೌದಾದರೆ ವಿವರಿಸಿ.
ವಿವರಕ್ಕೆ ಎರಡು ಗೆರೆ ಜಾಗ.
ಆ ಎರಡು ಗೆರೆಯನ್ನು ಎಂಥೆಂಥವರು ಖಾಲಿ ಬಿಟ್ಟದ್ದು ನೋಡಿದ್ದೇನೆ!
ಮೂರು ಹೆಸರಿನವನೊಬ್ಬ ಕಣ್ಣು ಮಿಟುಕಿಸದೆ "ಇಲ್ಲ" ಅಂದಿದ್ದ.
ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಳ್ಳುವವರು ಗೊತ್ತು.
ಇವನು ಯಾರೂ ಏನೂ ಅನ್ನುವ ಮೊದಲೇ
ಅಂಗಿ ಬಿಚ್ಚಿ ಹೆಗಲು ತೋರಿಸಿದ.
ಎರಡು ಗೆರೆ ತುಂಬಿ, ಅಂಚು ತುಂಬಿ,
ಹಾಳೆ ಮಗುಚಿ ಹಿಂದೆಯೂ ಬರೆದಿದ್ದ:

*ಆಗ ನನಗೆ ಹದಿನಾರು. ಪಕ್ಕದ ಮನೆಯ ಹಸಿರು ಟ್ರಕ್ಕು ಕದ್ದೆ. ಕುಡಿದಿದ್ದೆ.
ಮಾರ್ಚ್ ತಿಂಗಳು. ಸರೋವರದ ಹಿಮ ಇನ್ನೂ ಗಟ್ಟಿಯಿದೆ ಅಂತ ನಾನೇ ಹೇಳಿದ್ದು.
ನನ್ನ ಕಡೆಯ ಬಾಗಿಲು ತೆರೆಯಿತು.
ರೈಮೊ ಕಡೆಯದು ತೆರೆಯಲಿಲ್ಲ.
ಹದಿನಾಲ್ಕು ತಿಂಗಳು ಒಳಗಿದ್ದೆ. ಅಷ್ಟೇ ಕೊಟ್ಟರು.*

ಮೂರು ವಾರಕ್ಕೆ ಉತ್ತರ ಬಂತು. ಒಂದೇ ಸಾಲು.
ದಾಖಲೆ ಇಲ್ಲ.
ಖುಷಿಪಡುತ್ತಾನೆಂದು ನಾನೇ ಫೋನು ಮಾಡಿದೆ.
ಆ ತುದಿಯಲ್ಲಿ ಬರೀ ಉಸಿರು.
ಮರುದಿನ ಎದುರು ನಿಂತಿದ್ದ, ಟೋಪಿ ಕೈಯಲ್ಲಿ:
"ಇನ್ನೊಮ್ಮೆ ಹುಡುಕಿ. ನಮ್ಮ ಹೆಸರಲ್ಲಿ
ಗುಮಾಸ್ತರು ಒಂದಕ್ಷರ ನುಂಗುತ್ತಿದ್ದರು."

ಹುಡುಗರ ಪ್ರಕರಣ, ಹಳೆಯ ಕಾಯಿದೆ,
ಇಷ್ಟು ವರ್ಷಕ್ಕೆ ಅಳಿಸಿಹಾಕುತ್ತಾರೆ, ಅದು ನಿಮ್ಮ ಒಳ್ಳೆಯದಕ್ಕೇ, ಅಂದೆ.
ನನ್ನ ದನಿ ನನಗೇ ಬ್ಯಾಂಕಿನವರದಂತೆ ಕೇಳಿಸಿತು.
"ಹಾಗಾದರೆ" ಅಂದ, ಬಹಳ ಹೊತ್ತಿನ ಮೇಲೆ,
"ಅವನೂ ಇರಲಿಲ್ಲವೆ?"

ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ.
ಎಷ್ಟು ಕುಡಿಯಬೇಕು ಅಂತ ಯಾರೂ ಹೇಳಿಲ್ಲ.
ಈ ಊರಿನ ಕಿಟಕಿಯಾಚೆ ಇರುವುದೆಲ್ಲ ನೀರೇ.

ನಿಯಮ ಇನ್ನೊಂದಿದೆ:
ಪತ್ತೆಯಾಗದ್ದನ್ನು ಕಡತದಲ್ಲಿ ಇಟ್ಟುಕೊಳ್ಳುವಂತಿಲ್ಲ.
ಅವನ ಹಾಳೆಯನ್ನು ಯಂತ್ರದ ಬಾಯಿಗೆ ಕೊಟ್ಟೆ.
ಶಾವಿಗೆಯಂತೆ ಇಳಿಯಿತು.
ಹೊಸ ಅರ್ಜಿಯಲ್ಲಿ "ಇಲ್ಲ" ಎಂದು ಗುರುತು ಹಾಕುವಾಗ
ಪೆನ್ನನ್ನು ಕರಣೆಯ ಹಾಗೆ ಹಿಡಿದಿದ್ದ.

ಕ್ರಿಸ್ಮಸ್ಸಿಗೆ ಮೊದಲೇ ಚಿಮಣಿ ಎದ್ದಿತು. ಬಿಲ್ಲು ಸರಿಯಿತ್ತು.
ಮಕ್ಕಳು ಅವನನ್ನು ಏನೆಂದು ಕರೆಯುತ್ತಿದ್ದರೋ ನನಗೆ ತಿಳಿಯದು.

ಈಗ ಮಾರ್ಚ್. ರಾತ್ರಿ ಸರೋವರ ಬಿರಿಯುತ್ತದೆ,
ಯಾರೋ ದೂರದಲ್ಲಿ ಬಾಗಿಲು ತಳ್ಳಿದ ಹಾಗೆ.
ಎಲ್ಲ ಕಡೆಯೂ ಅಳಿಸಿದ ಮೇಲೆ
ನನ್ನ ತಲೆಯಲ್ಲಿ ಮಾತ್ರ ಉಳಿದಿದೆ,
ನಾನೆಂದೂ ನೋಡದ ಆ ಹಸಿರು ಟ್ರಕ್ಕು,
ನೀರಿನೊಳಗೆ, ದೀಪ ಇನ್ನೂ ಆರಿಸದೆ.