ಎಕ್ಸ್‌ಚೇಂಜ್

ಸೇಡಂ ರೋಡಿನ ಶೋರೂಮಿನ್ಯಾಗ
ಹುಡುಗ ಪೆನ್ನಿಲೆ ಟಾಂಕಿ ಬಡಿದು ನೋಡಿದ.
‘ಹದಿನಾಲ್ಕು ಸಾವಿರ. ಅದೂ ನಿಮ್ಮ ಮುಖ ನೋಡಿ.’
ಮುಖಕ್ಕೆಷ್ಟು, ಗಾಡಿಗೆಷ್ಟು, ಕೇಳಲಿಲ್ಲ.

ಹೌದು, ಎಣ್ಣಿ ಕುಡೀತದ.
ಥಂಡ್ಯಾಗ ಹನ್ನೆರಡು ಕಿಕ್ಕು.
ಹಾರ್ನು ಸತ್ತು ಆರು ವರ್ಷ.
ಬೆನ್ನಿಗೆ ಬೆಸೆದ ತಗಡಿನ ಪೆಟ್ಟಿಗಿ,
ಅದರಾಗ ಖಾರಿ, ಟೋಸ್ಟು, ನಾನಖಟಾಯಿ.

‘ಒಂದಿನ ಓಡ್ಸಿ ನೋಡ್ರಿ’ ಅಂತ ಹೊಸಾದು ಕೊಟ್ಟ.
ಚೀಲದಾಗ ಖಾರಿ ತುಂಬಿ ಹೊಂಟೆ.
ಬೆಣ್ಣ್ಯಾಗಿನ ಕೂದಲು ಎಳದಂಗ
ತೆಂಗಳಿ ಅಗಸಿ ದಾಟಿದ್ದೇ ಗೊತ್ತಾಗಲಿಲ್ಲ,
ನನಗೂ, ಊರಿಗೂ.
ಒಂದು ಕದಾ ತೆರೀಲಿಲ್ಲ.
ಗಂಗಾಳ ಹಿಡಿದು ಒಂದು ಕೂಸು ಓಡಿ ಬರಲಿಲ್ಲ.

ಮರುದಿನ ರುಕ್ಮಾಬಾಯಿ ಹಾದಿಗೇ ಅಡ್ಡ ನಿಂತಳು:
‘ನಿನ್ನೆ ಯಾಕ ಬರಲಿಲ್ಲೊ ಮಸ್ತಾನ?
ಬರೇ ಚಾ ಕುಡದೇವು.’
ಬಂದಿದ್ದೆ ಅಂತ ಹೇಳಲಿಲ್ಲ.

ನಬೀಲಾಲ ಮೇಸ್ತ್ರಿ ನಗ್ತಾನ:
‘ಮಾರು. ಸೈಲೆನ್ಸರ್ ಮಾತ್ರ ಬಿಚ್ಚಿಟ್ಕೋ.’
ಶೋರೂಮಿನ ಹುಡುಗ ದಿನಾ ಫೋನ್ ಮಾಡ್ತಾನ,
ಆಫರು ಶನಿವಾರಕ್ಕ ಮುಗೀತದಂತ.
ರಾತ್ರಿ ಹೆಂಡತಿ, ನಾನು ಕುಂತು ಕೂಡಿಸ್ತೀವಿ,
ಕಂತು, ಎಣ್ಣಿ, ಮೇಸ್ತ್ರಿ ಬಾಕಿ.
ಪ್ರತಿ ಸಲಾ ಲೆಕ್ಕ ಹೊಸಾದರ ಕಡೀಗೇ ವಾಲ್ತದ.
ಪ್ರತಿ ಸಲಾ ಆಕಿ ಕಾಗದ ಮಡಚಿ
ಖಾರಿ ಕಟ್ಟಲಿಕ್ಕೆ ಇಟ್ಕೋತಾಳ.

ಇವತ್ತು ಗುರುವಾರ.
ಹನ್ನೊಂದನೇ ಕಿಕ್ಕು.