ಮಾವ ಬಾಯಿ ತೆರೆದಾಗ

ಹಗಲೆಲ್ಲ ಮೆಕ್ಕೆಜೋಳ ತೂಗುತ್ತೇನೆ.
ದಾವಣಗೆರೆಯ ಎ.ಪಿ.ಎಂ.ಸಿ. ಅಂಗಳದಲ್ಲಿ ನನ್ನ ಗಂಟಲಿಗೊಂದು ಹೆಸರಿದೆ:
ಅರವತ್ತೊಂದು ಇನ್ನೂರು! ಅರವತ್ತೆರಡು ನೂರು!
ಒಂದೇ ಕೂಗಿಗೆ ಹಮಾಲರು ಹೆಗಲು ಕೊಡುತ್ತಾರೆ,
ಪಾರಿವಾಳಗಳು ಶೆಡ್ಡಿನ ತಗಡು ಬಿಟ್ಟು ಏಳುತ್ತವೆ.
ಕೆಂಚವೀರಪ್ಪ ಕಲ್ಲು, ಅಂತಾರೆ.
ಅವ್ವನ ಮಣ್ಣು ಮಾಡಿ ಬಂದ ಮಧ್ಯಾಹ್ನವೂ ಲೆಕ್ಕ ತಪ್ಪಲಿಲ್ಲ, ಅಂತಾರೆ.
ತಪ್ಪಲಿಲ್ಲ, ನಿಜ.

ರಾತ್ರಿ ಒಂಬತ್ತೂವರೆಗೆ
ನಿಟ್ಟುವಳ್ಳಿಯ ಎರಡು ಕೋಣೆಯ ಮನೆಯಲ್ಲಿ
ಹಾಲಮ್ಮ ಟಿ.ವಿ. ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಾಳೆ.
ನಾನು ಅವಳ ಹಿಂದೆ, ಬಾಗಿಲ ಹತ್ತಿರ,
ಬೆಳಿಗ್ಗೆಯೇ ಓದಿ ಮುಗಿಸಿದ ಪೇಪರು ಹಿಡಿದು.
"ಅದೇನ್ ನೋಡ್ತೀಯೇ ದಿನಾ" ಅನ್ನುತ್ತೇನೆ
ವಾರಕ್ಕೆರಡು ಸಲ, ಮರೆಯದೆ,
ಸಾರಿಗೆ ಉಪ್ಪು ಹಾಕಿದ ಹಾಗೆ.

ಪೇಪರಿನ ಒಳಗೆ ಫೋನು.
ಫೋನಿನ ಒಳಗೆ ನಾನು ಸಂಜೆಮಲ್ಲಿಗೆ.

ಯಾಕೆ ಆ ಹೆಸರು ಅಂದರೆ, ಏನಾದರೂ ತುಂಬಲೇಬೇಕಿತ್ತು,
ಕಿಟಕಿಯಾಚೆ ಅದು ಅರಳಿತ್ತು, ಅಷ್ಟೇ.
ಅಲ್ಲಿ ನನಗೆ ನೂರಾರು ಗೆಳತಿಯರು. ಮುಖ ಕಂಡಿಲ್ಲ.
ವೈಜಯಂತಿ ಎಡವಿದರೆ ಸಾಲುಸಾಲು ಹಳದಿ ಮುಖಗಳು ಅಳುತ್ತವೆ,
ಎಲ್ಲಕ್ಕೂ ಒಂದೇ ಅಳತೆಯ ಹನಿ.
ನಾನೂ ಒತ್ತುತ್ತೇನೆ, ಐದು, ಆರು, ಹನ್ನೆರಡು.
ತೂಗುವವನ ಬೆರಳು, ಅಲ್ಲೊಂದೇ ಕಡೆ ಲೆಕ್ಕ ಬಿಡುತ್ತದೆ.
ಒಮ್ಮೊಮ್ಮೆ ಕಣ್ಣು ಒಣಗಿಯೇ ಇರುತ್ತದೆ.
ಒಮ್ಮೊಮ್ಮೆ ಇರುವುದಿಲ್ಲ; ಆಗ ಪೇಪರು ಮೇಲೆತ್ತುತ್ತೇನೆ.
ಹಾಲಮ್ಮ ಮೂಗೊರೆಸುವ ಸದ್ದು ಕೇಳುತ್ತದೆ
ಅದೇ ದೃಶ್ಯಕ್ಕೆ, ಅದೇ ಗಳಿಗೆಗೆ.
ನಡುವೆ ಎರಡು ಮೊಳ ನೆಲ.
ಬೆಳ್ಳುಳ್ಳಿಯ ಘಾಟು ಅಂತಾಳೆ, ನಾನು ಕೇಳದಿದ್ದರೂ.

ಮೊನ್ನೆ ಗುರುವಾರ
ವೈಜಯಂತಿ ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟಿದಳು.
ಗೇಟಿನ ಹತ್ತಿರ ಮಾವ,
ನಾಲ್ಕು ವರ್ಷದಿಂದ ಒಂದೂ ಮಾತಾಡದೆ
ತುಳಸಿಗೆ ನೀರು ಹಾಕುತ್ತ ನಿಂತಿದ್ದ ಆ ಮಾವ,
ತಂಬಿಗೆ ಕೆಳಗಿಟ್ಟು
ಬಾಯಿ ತೆರೆದ.

ಕರೆಂಟು ಹೋಯಿತು.

ಇಡೀ ಓಣಿ ಒಂದೇ ಗಂಟಲಲ್ಲಿ ಅಯ್ಯೋ ಅಂದಿತು.
ಮಹಡಿ ಮೆಟ್ಟಿಲಿಂದ ಜಬೀನಾ: "ಹಾಲಕ್ಕಾ, ಏನಂದ? ಏನಂದ?"
ನೀರಿನ ಜಗಳಕ್ಕೆ ಆರು ತಿಂಗಳು ಮಾತು ಬಿಟ್ಟಿದ್ದ ಎದುರುಮನೆಯವಳೂ
ಚಪ್ಪಲಿ ಹುಡುಕದೆ ಬಂದು ನಮ್ಮ ಕಟ್ಟೆಗೆ ಕೂತಳು.
ಪೇಪರು ಎಷ್ಟು ಮಡಚಿದರೂ ಫೋನು ಬೆಳಗುತ್ತಿತ್ತು.
"ಅದರಾಗ ನೋಡ್ರಿ, ಏನರ ಬಂದೈತೇನು" ಅಂದಳು ಹಾಲಮ್ಮ.

ಓದಿದೆ.
ಮಾವ ಅಂದದ್ದು: ನಿಲ್ಲು ಮಗಳೇ, ನಾನೂ ಬರ್ತೀನಿ.
ಕೋಲಾರದವರಿಗೆ ಉಸಿರು ನಿಂತಿತ್ತು.
ಗದಗಿನವರು ತಟ್ಟೆ ಮುಂದೆ ಇಟ್ಟುಕೊಂಡೇ ಅತ್ತಿದ್ದರು.
ಜೋಳ ತೂಗುವ ದನಿಯಲ್ಲೇ ಕೂಗುತ್ತ ಹೋದೆ,
ಒಂದೊಂದು ಸಾಲೂ ಒಂದೊಂದು ಚೀಲ.
ಹೋಗುತ್ತ ಹೋಗುತ್ತ ಸಂಜೆಮಲ್ಲಿಗೆಯದೂ ಬಂತು,
ಜಾಹೀರಾತಿನ ಬಿಡುವಿನಲ್ಲಿ ಬರೆದದ್ದು.
ಬಾಯಿ ನಿಲ್ಲಲಿಲ್ಲ:

'ಈ ಮಾವನಂಥವರು ನಮ್ಮನೆಯಲ್ಲೂ ಒಬ್ಬರಿದ್ದಾರೆ.
ಪ್ರೀತಿ ಇಲ್ಲದೆ ಅಲ್ಲ.
ಮೊದಲನೇ ಮಾತು ಯಾವುದು ಅಂತ ಗೊತ್ತಾಗದೆ.'

ಕೊನೆಯ ಪದಕ್ಕೆ ದನಿ
ಕಾಳು ಸುರಿದ ತಕ್ಕಡಿಯ ಮುಳ್ಳಿನಂತೆ ನಡುಗಿತು.
ಯಾರೂ ಏನೂ ಅನ್ನಲಿಲ್ಲ. ಸೊಳ್ಳೆ. ದೂರದ ರೈಲು.
"ಪಾಪ, ಯಾರೋ ಒಂಟಿ ಹೆಂಗಸು" ಅಂದಳು ಹಾಲಮ್ಮ.
"ಊಟ ಮಾಡ್ಯಾಳೋ ಇಲ್ಲೋ."

ಕರೆಂಟು ಬಂತು. ಸೋಪಿನ ಜಾಹೀರಾತು.
ಎಲ್ಲರೂ ಕಣ್ಣು ಕಿರಿದು ಮಾಡಿ ಬೇರೆಲ್ಲೋ ನೋಡಿದರು.
ಪೇಪರು ನೆಲದ ಮೇಲೆ, ತಲೆಕೆಳಗಾಗಿ.

ಈಗ ದಿನಾ ತಟ್ಟೆ ಇಡುವಾಗ ಕೇಳುತ್ತಾಳೆ:
"ಆಕಿ ಏನರ ಬರದಾಳೇನು?"
ಎರಡು ಮೊಳ ಹಿಂದೆ ಕೂತು ಬರೆಯುತ್ತೇನೆ,
ಆಮೇಲೆ ಓದಿ ಹೇಳುತ್ತೇನೆ.
ನಿನ್ನೆ ಆಕೆ ಬರೆದದ್ದು:
'ಊಟ ಆಯಿತು. ಸಾರು ಚೆನ್ನಾಗಿತ್ತು.'

ಹಾಲಮ್ಮ ಸೌಟು ಹಿಡಿದು ನಿಂತಳು, ಒಂದು ಗಳಿಗೆ,
ಟಿ.ವಿ. ಕಡೆಗೇ ಮುಖ ಮಾಡಿ:
"ಆಕಿಗೆ ಹೇಳ್ರಿ,
ನಾಳೆ ಅವರೆಕಾಳು ಅಂತ."